ಕಥೆ ಓದುತ್ತಾ ಓದುತ್ತಾ ಪದಗಳು ನಮ್ಮವಾಗುವುದು ಹೇಗೆ

ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಒಂದು ಪ್ರಬಂಧದಲ್ಲಿ ನಾನು ಹೀಗೆ ಬರೆದಿದ್ದೆ: ‘ಆ ಕಷ್ಟದ ಲೆಕ್ಕವನ್ನು ನಾನು ಅನಾಮತ್ತಾಗಿ ಬಿಡಿಸಿದೆ.’ ಮೇಷ್ಟ್ರು ‘ಅನಾಮತ್ತಾಗಿ’ ಅನ್ನುವುದರ ಸುತ್ತ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಪಕ್ಕದಲ್ಲೊಂದು ಪ್ರಶ್ನೆಚಿಹ್ನೆ ಹಾಕಿ ಕೊಟ್ಟರು. ತಪ್ಪೇನು ಅಂತಲೇ ನನಗೆ ತಿಳಿಯಲಿಲ್ಲ. ನಾನು ಓದಿದ್ದ ಸಾಹಸದ ಕಥೆಗಳಲ್ಲೆಲ್ಲ ನಾಯಕ ಯಾರನ್ನಾದರೂ ಅನಾಮತ್ತಾಗಿ ಎತ್ತಿ ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದ. ಅಂದಮೇಲೆ ಅದರ ಅರ್ಥ ‘ಸಲೀಸಾಗಿ’ ಅಂತ ತಾನೇ?

ಅಲ್ಲವಂತೆ. ಇದ್ದದ್ದನ್ನು ಇದ್ದ ಹಾಗೆ, ಇಡಿಯಾಗಿ ಎತ್ತುವುದಂತೆ. ಸಲೀಸು ಅನ್ನುವುದು ನಾಯಕನ ತೋಳಿಗೆ ಸೇರಿದ್ದು, ಪದಕ್ಕಲ್ಲ.

ಅವತ್ತು ನಾಚಿಕೆಯಾಯಿತು, ನಿಜ. ಆದರೆ ಈಗ ಯೋಚಿಸಿದರೆ ಅದು ಅಷ್ಟೇನೂ ಕೆಟ್ಟ ತಪ್ಪಲ್ಲ ಅನಿಸುತ್ತದೆ. ಯಾರೂ ಕಲಿಸದ, ಯಾವ ಪಾಠದಲ್ಲೂ ಬಾರದ ಒಂದು ಪದ ನನ್ನ ತಲೆಯೊಳಗೆ ಬಂದು ಕೂತಿತ್ತು. ಅದು ಕ್ರಿಯೆಯ ಹಿಂದೆ ಬರುತ್ತದೆ, ಎತ್ತುವುದಕ್ಕೂ ಹೊರುವುದಕ್ಕೂ ಸಂಬಂಧಪಟ್ಟಿದ್ದು ಅನ್ನುವುದೂ ಗೊತ್ತಾಗಿತ್ತು. ಮುಕ್ಕಾಲು ಪಾಲು ಸರಿ, ಕಾಲು ಪಾಲು ತಪ್ಪು. ಕಥೆ ಓದಿ ಪದ ಕಲಿಯುವುದು ಅಂದರೆ ಹೆಚ್ಚು ಕಡಿಮೆ ಹೀಗೇ. ಒಂದೇ ಏಟಿಗೆ ಅರ್ಥ ಕೈಗೆ ಸಿಗುವುದಿಲ್ಲ. ಸಿಕ್ಕಷ್ಟು ಇಟ್ಟುಕೊಳ್ಳುತ್ತೇವೆ, ಮುಂದಿನ ಸಲ ಎದುರಾದಾಗ ಸ್ವಲ್ಪ ತಿದ್ದಿಕೊಳ್ಳುತ್ತೇವೆ.

ಹದಿಹರೆಯದವರಿಗೆ ಅಂತ ಬರೆದ ಕಾದಂಬರಿಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿವೆ ಅನ್ನುವುದು ನನ್ನ ಅಭಿಪ್ರಾಯ. ಹದಿನಾಲ್ಕರವರಿಗೆ ಮಾತ್ರವಲ್ಲ, ಹೊಸದಾಗಿ ಒಂದು ಭಾಷೆಯಲ್ಲಿ ಓದಲು ಶುರುಮಾಡಿದ ನಲವತ್ತರವರಿಗೂ.

ಮಾತಿನಲ್ಲಿ ಸಿಗದ ಪದಗಳು

ಮೊದಲು ಒಂದು ಪ್ರಶ್ನೆ. ದಿನವಿಡೀ ಮಾತಾಡುತ್ತಲೇ ಇರುತ್ತೇವಲ್ಲ, ಪದ ಕಲಿಯಲು ಅದು ಸಾಲದೇ?

ಸಾಲದು. ಮಾತಾಡುವಾಗ ನಮಗೆ ಜಾಸ್ತಿ ಪದ ಬೇಕಾಗುವುದಿಲ್ಲ. ಎದುರಿಗೆ ವಸ್ತು ಇರುತ್ತದೆ, ಕೈ ಇರುತ್ತದೆ, ಮುಖ ಇರುತ್ತದೆ. ‘ಅದನ್ನ ಅಲ್ಲಿಡು’ ಅಂದರೆ ಕೆಲಸ ಮುಗಿಯಿತು. ಪುಸ್ತಕಕ್ಕೆ ಈ ಅನುಕೂಲ ಇಲ್ಲ. ಕೋಣೆಯನ್ನೂ ಬೆಳಕನ್ನೂ ಮುಖಭಾವವನ್ನೂ ಎಲ್ಲವನ್ನೂ ಪದದಿಂದಲೇ ಕಟ್ಟಬೇಕು.

1988ರಲ್ಲಿ ಹೇಯ್ಸ್ ಮತ್ತು ಅಹ್ರೆನ್ಸ್ ಎಂಬ ಇಬ್ಬರು ಸಂಶೋಧಕರು ಇದನ್ನು ಇಂಗ್ಲಿಷಿನಲ್ಲಿ ಎಣಿಸಿ ನೋಡಿದರು. ತೀರಾ ಬಳಕೆಯ 10,000 ಪದಗಳ ಪಟ್ಟಿಯ ಆಚೆಗಿರುವುದನ್ನೆಲ್ಲ ‘ಅಪರೂಪದ ಪದ’ ಅಂತ ಇಟ್ಟುಕೊಂಡರು. ಪದವಿ ಓದಿದ ದೊಡ್ಡವರು ಗೆಳೆಯರ ಜೊತೆ ಮಾತಾಡುವಾಗ ಸಾವಿರ ಪದಕ್ಕೆ ಸುಮಾರು 17 ಅಪರೂಪದ ಪದ ಬಂದವು. ಮಕ್ಕಳ ಪುಸ್ತಕಗಳಲ್ಲಿ ಸುಮಾರು 31. ದೊಡ್ಡವರ ಪುಸ್ತಕಗಳಲ್ಲಿ 50ಕ್ಕೂ ಹೆಚ್ಚು.

ಮಧ್ಯದ ಸಂಖ್ಯೆಯನ್ನು ಇನ್ನೊಮ್ಮೆ ನೋಡಿ. ಓದಿದ ದೊಡ್ಡವರ ಹರಟೆಗಿಂತ ಮಕ್ಕಳ ಪುಸ್ತಕದಲ್ಲೇ ಅಪರೂಪದ ಪದಗಳು ಹೆಚ್ಚುಕಡಿಮೆ ಎರಡು ಪಟ್ಟು. ‘ಅಯ್ಯೋ, ಅದು ಮಕ್ಕಳ ಪುಸ್ತಕ’ ಅಂತ ಮೂಗು ಮುರಿಯುವವರಿಗೆ ನಾನು ಈ ಲೆಕ್ಕ ಹೇಳುತ್ತಿರುತ್ತೇನೆ.

ಒಂದು ಪದ, ಮೂರು ಭೇಟಿ

ಈಗ ಒಂದು ಪದವನ್ನು ಹತ್ತಿರದಿಂದ ನೋಡೋಣ. ‘ಬಿಗುಮಾನ’. ಇದು ನಿಮಗೆ ಗೊತ್ತಿರಬಹುದು. ಗೊತ್ತಿಲ್ಲ ಅಂದುಕೊಳ್ಳಿ. ಈ ಸಾಲುಗಳನ್ನು ನಾನೇ ಹೊಸೆದಿದ್ದೇನೆ. ಒಂದು ಕಾದಂಬರಿಯ ಎರಡನೇ ಅಧ್ಯಾಯದಲ್ಲಿ ಹೀಗಿದೆ ಅನ್ನಿ:

‘ಅವಳು ಎದುರಿಗೇ ಬಂದಳು. ನಾನೇ ಮೊದಲು ಮಾತಾಡಿಸಬಹುದಿತ್ತು. ಬಿಗುಮಾನ ಬಿಡಲಿಲ್ಲ. ಸುಮ್ಮನೆ ಮೊಬೈಲ್ ನೋಡುತ್ತಾ ನಿಂತೆ.’

ಓದುಗನ ತಲೆಯಲ್ಲಿ ಏನಾಗುತ್ತದೆ? ಮಾತಾಡದಂತೆ ಏನೋ ತಡೆಯಿತು ಅನ್ನುವುದು ಗೊತ್ತಾಯಿತು. ಅದು ಮನಸ್ಸಿನೊಳಗಿನದು ಅನ್ನುವುದೂ ಗೊತ್ತಾಯಿತು. ಹೆದರಿಕೆಯೋ, ನಾಚಿಕೆಯೋ, ಸಿಟ್ಟೋ ಗೊತ್ತಿಲ್ಲ. ಆದರೂ ಕಥೆ ನಿಲ್ಲಲಿಲ್ಲ, ಮುಂದಕ್ಕೆ ಹೋಯಿತು.

ಆರನೇ ಅಧ್ಯಾಯದಲ್ಲಿ ಅಣ್ಣ ಹೇಳುತ್ತಾನೆ:

‘ತಪ್ಪು ನಿನ್ನದೇ ಅಂತ ನಿನಗೂ ಗೊತ್ತು. ಬಿಗುಮಾನ ಬಿಟ್ಟು ಒಂದು ಸಲ ಸಾರಿ ಕೇಳು.’

ಇಲ್ಲಿ ಎರಡು ಊಹೆ ಬಿದ್ದುಹೋದವು. ಹೆದರಿದವನಿಗೆ ಯಾರೂ ಹೀಗೆ ಗದರುವ ದನಿಯಲ್ಲಿ ಹೇಳುವುದಿಲ್ಲ. ನಾಚಿಕೆಯನ್ನು ಹಾಗೆ ‘ಬಿಟ್ಟು’ ಬರುವುದು ಸುಲಭವೂ ಅಲ್ಲ. ಇದು ಬೇಕೆಂದೇ ಹಿಡಿದುಕೊಂಡಿರುವ ಏನೋ. ಉಳಿದಿದ್ದು ಸಿಟ್ಟು, ಅಥವಾ ಜಂಬದ ತರಹದ್ದು.

ಒಂಬತ್ತನೇ ಅಧ್ಯಾಯ:

‘ಇಬ್ಬರಿಗೂ ಸಿಟ್ಟು ಇಳಿದು ಎಷ್ಟೋ ದಿನವಾಗಿತ್ತು. ಆದರೂ ಬಿಗುಮಾನ. ಮೊದಲು ಯಾರು ಸೋಲಬೇಕು ಅನ್ನುವುದೇ ತೀರ್ಮಾನವಾಗಲಿಲ್ಲ.’

ಸಿಟ್ಟೂ ಹೋಯಿತು. ‘ನಾನೇಕೆ ಮೊದಲು ಬಗ್ಗಬೇಕು’ ಅನ್ನುವ ಬಿಗಿತ, ಅದೇ ಉಳಿದಿದ್ದು. ಪದದ ಒಳಗೇ ‘ಬಿಗು’ ಇರುವುದು ಬಹುಶಃ ಈಗ ಕಣ್ಣಿಗೆ ಬೀಳುತ್ತದೆ. ಮೊದಲ ಸಲ ಬಿದ್ದಿರಲಿಲ್ಲ.

ನಿಘಂಟಿನಲ್ಲಿ ನೋಡಿದ್ದರೆ ಗರ್ವ, ಬಿಂಕ ಅಂತ ಸಿಗುತ್ತಿತ್ತು. ತಪ್ಪಲ್ಲ. ಆದರೆ ಜಗಳ ಮುಗಿದ ಮೇಲೂ ಇಬ್ಬರ ನಡುವೆ ಉಳಿಯುವ ಆ ಗೋಡೆ ಒಂದು ಸಾಲಿನ ಅರ್ಥದಲ್ಲಿ ಸಿಗುವುದಿಲ್ಲ. ಮೂರು ಅಧ್ಯಾಯ ಅದನ್ನು ತೋರಿಸಿದವು.

ನಿಜ ಪುಸ್ತಕದಲ್ಲಿ ಇಷ್ಟು ಅಚ್ಚುಕಟ್ಟಾಗಿ ನಡೆಯುವುದಿಲ್ಲ, ಬಿಡಿ. ಒಂದು ಪದ ಎರಡನೇ ಅಧ್ಯಾಯದಲ್ಲಿ ಮುಖ ತೋರಿಸಿ ಆ ಪುಸ್ತಕದಲ್ಲಿ ಮತ್ತೆ ಬಾರದೇ ಇರಬಹುದು. ಭಾಷೆಯ ಸ್ವಭಾವವೇ ಹಾಗೆ. ಕೆಲವೇ ಪದಗಳು ಪದೇ ಪದೇ ಬರುತ್ತವೆ, ಉಳಿದ ಬಹಳಷ್ಟು ಒಮ್ಮೆ ಬಂದು ಹೋಗುತ್ತವೆ. ಯಾವುದೇ ಉದ್ದನೆಯ ಪುಸ್ತಕ ತೆಗೆದು ಅದರ ಬೇರೆ ಬೇರೆ ಪದಗಳನ್ನು ಪಟ್ಟಿ ಮಾಡಿದರೆ, ಸುಮಾರು ಅರ್ಧದಷ್ಟು ಒಂದೇ ಒಂದು ಸಲ ಬಂದಂಥವು. ಹಾಗಾಗಿ ಒಂದು ಪುಸ್ತಕ ಓದಿ ‘ಏನೂ ಕಲಿತ ಹಾಗೆ ಆಗಲಿಲ್ಲ’ ಅನ್ನುವವರ ದೂರಿನಲ್ಲಿ ಸತ್ಯವಿದೆ.

ಲೆಕ್ಕದಲ್ಲೂ ಅದು ಕಾಣುತ್ತದೆ. 1985ರಲ್ಲಿ ನಾಗಿ, ಹರ್ಮನ್ ಮತ್ತು ಆಂಡರ್ಸನ್ ಅಮೆರಿಕದ ಶಾಲಾ ಮಕ್ಕಳ ಮೇಲೆ ಇದನ್ನು ಅಳೆದರು. 1999ರಲ್ಲಿ ಸ್ವಾನ್‌ಬಾರ್ನ್ ಮತ್ತು ಡಿ ಗ್ಲಾಪರ್ ಅಂಥ 20 ಪ್ರಯೋಗಗಳನ್ನು ಒಟ್ಟಿಗೆ ಸೇರಿಸಿ ನೋಡಿದರು. ಸಹಜವಾಗಿ ಓದುವಾಗ ಎದುರಾಗುವ ಗೊತ್ತಿಲ್ಲದ ಪದಗಳಲ್ಲಿ ತಲೆಯಲ್ಲಿ ಉಳಿಯುವುದು ಸರಾಸರಿ 100ಕ್ಕೆ 15.

ಹದಿನೈದೇ? ಕಡಿಮೆ ಆಯಿತು ಅಲ್ವಾ. ಆದರೆ ಗುಣಾಕಾರ ಮಾಡಿ ನೋಡಿ. ಇದು ಸುಮ್ನೆ ನನ್ನ ಕೈಲೆಕ್ಕ. ಇಂಗ್ಲಿಷಿನ ಒಂದು ಹದಿಹರೆಯದ ಕಾದಂಬರಿಯಲ್ಲಿ 60,000 ಪದ ಇದೆ ಅನ್ನೋಣ. ನೂರಕ್ಕೆ ಎರಡು ನಿಮಗೆ ಗೊತ್ತಿಲ್ಲ ಅಂದರೂ 1,200 ಕಡೆ ಎಡವುತ್ತೀರಿ. ಮತ್ತೆ ಮತ್ತೆ ಬಂದಿದ್ದನ್ನು ಕಳೆದರೆ ಬೇರೆ ಬೇರೆ ಪದ 500 ಇರಬಹುದು. ಅದರಲ್ಲಿ ನೂರಕ್ಕೆ ಹದಿನೈದು ಅಂದರೆ 75 ಪದ. ತಿಂಗಳಿಗೊಂದು ಪುಸ್ತಕ ಓದಿದರೆ ವರ್ಷಕ್ಕೆ 900. ಪಟ್ಟಿ ಹಿಡಿದು ಬಾಯಿಪಾಠ ಮಾಡಿ ವರ್ಷಕ್ಕೆ 900 ಪದ ಉಳಿಸಿಕೊಂಡವರನ್ನು ನಾನು ನೋಡಿಲ್ಲ. ಉಳಿಸಿಕೊಳ್ಳಲು ಹೊರಟವರನ್ನು ಬಹಳ ನೋಡಿದ್ದೇನೆ, ನನ್ನನ್ನೂ ಸೇರಿಸಿ.

ಹದಿನೈದು ಸಲ ಬಂದ ಸುಳ್ಳುಪದಗಳು

ಪದ ಮತ್ತೆ ಮತ್ತೆ ಬಂದರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಸೊಗಸಾದ ಪ್ರಯೋಗವಿದೆ. ಆಂಥನಿ ಬರ್ಜಸ್ 1962ರಲ್ಲಿ ಬರೆದ ‘ಎ ಕ್ಲಾಕ್‌ವರ್ಕ್ ಆರೆಂಜ್’ ಕಾದಂಬರಿಯನ್ನು ಹೇಳುವವನು ಒಬ್ಬ ಹದಿಹರೆಯದ ಪುಂಡ. ಅವನದು ಕಟ್ಟಿಕೊಂಡ ಭಾಷೆ. ರಷ್ಯನ್ನಿನಿಂದ ತಿರುಚಿ ತಂದ 200ಕ್ಕೂ ಹೆಚ್ಚು ಪದಗಳು ಅದರಲ್ಲಿವೆ. ಗೆಳೆಯನಿಗೆ ‘ಡ್ರೂಗ್’ ಅನ್ನುತ್ತಾನೆ. ಪುಸ್ತಕ ಬರುವ ಮೊದಲು ಆ ಪದಗಳು ಇಂಗ್ಲಿಷಿನಲ್ಲಿ ಇರಲೇ ಇಲ್ಲ. ಹಾಗಾಗಿ ಓದುಗರಿಗೆ ಮೊದಲೇ ಗೊತ್ತಿರುವ ಸಂಭವವೂ ಇಲ್ಲ. ಸಂಶೋಧಕರಿಗೆ ಇದಕ್ಕಿಂತ ಒಳ್ಳೆಯ ಪುಸ್ತಕ ಎಲ್ಲಿ ಸಿಗಬೇಕು! (ಇದು ಹದಿಹರೆಯದವರಿಗಾಗಿ ಬರೆದ ಪುಸ್ತಕ ಅಲ್ಲ, ಅದರಲ್ಲಿ ಕ್ರೌರ್ಯ ತುಂಬಾ ಇದೆ. ಮಕ್ಕಳ ಕೈಗೆ ಕೊಡಿ ಅಂತ ನಾನು ಹೇಳುತ್ತಿಲ್ಲ.)

1978ರಲ್ಲಿ ಸರಗಿ, ನೇಷನ್ ಮತ್ತು ಮೈಸ್ಟರ್ ಇಂಗ್ಲಿಷ್ ಮಾತೃಭಾಷೆಯ ದೊಡ್ಡವರಿಗೆ ಈ ಕಾದಂಬರಿ ಕೊಟ್ಟು ಓದಲು ಹೇಳಿದರು. ಓದಿ ಮುಗಿಸಿ, ಆಮೇಲೆ ಕಥೆಯ ಬಗ್ಗೆ ಪರೀಕ್ಷೆ ಇರುತ್ತದೆ ಅಂದರು. ಪದಗಳ ಸುದ್ದಿಯೇ ಎತ್ತಲಿಲ್ಲ. ಕೆಲವು ದಿನ ಬಿಟ್ಟು ಇದ್ದಕ್ಕಿದ್ದಂತೆ ಪದಗಳ ಅರ್ಥ ಕೇಳಿದರು. ಆಯ್ಕೆ ಕೊಟ್ಟು ಕೇಳುವ ಪ್ರಶ್ನೆಗಳು. ಸರಾಸರಿ 76 ಶೇಕಡಾ ಸರಿ.

ಆ ಪದಗಳು ಪುಸ್ತಕದಲ್ಲಿ ಸರಾಸರಿ 15 ಸಲ ಬಂದಿದ್ದವು. ಗುಟ್ಟು ಇರುವುದು ಅಲ್ಲೇ. ಆಮೇಲೆ ಬೇರೆ ಪುಸ್ತಕಗಳ ಮೇಲೆ, ಭಾಷೆ ಕಲಿಯುತ್ತಿರುವವರ ಮೇಲೆ ನಡೆದ ಅಧ್ಯಯನಗಳಲ್ಲಿ ಇಷ್ಟು ದೊಡ್ಡ ಫಲ ಬರಲಿಲ್ಲ. ಬರುವುದೂ ಕಷ್ಟ. ಸಾಮಾನ್ಯ ಪುಸ್ತಕದಲ್ಲಿ ಗೊತ್ತಿಲ್ಲದ ಪದ ಹದಿನೈದು ಸಲ ಎಲ್ಲಿ ಬರುತ್ತದೆ?

ಬರುವ ಒಂದು ಜಾಗ ಇದೆ. ಸರಣಿ ಕಾದಂಬರಿಗಳು. ಒಬ್ಬನೇ ಲೇಖಕ, ಅದೇ ಪಾತ್ರಗಳು, ಅದೇ ಲೋಕ. ಹದಿಹರೆಯದ ಕಾದಂಬರಿಗಳಲ್ಲಿ ಸರಣಿಗಳಿಗೆ ಬರವಿಲ್ಲ. ಮೂರನೇ ಪುಸ್ತಕಕ್ಕೆ ಬರುವ ಹೊತ್ತಿಗೆ ಆ ಲೇಖಕನ ಚಾಳಿ ಪದಗಳೆಲ್ಲ ನಿಮ್ಮ ಬಾಯಿಗೆ ಬಂದಿರುತ್ತವೆ. ಹೀಗೆ ಒಂದೇ ಲೇಖಕನನ್ನೋ ಒಂದೇ ಬಗೆಯ ಕಥೆಯನ್ನೋ ಹಿಡಿದು ಓದುವುದರ ಪರವಾಗಿ ಭಾಷಾತಜ್ಞ ಸ್ಟೀಫನ್ ಕ್ರ್ಯಾಶನ್ 1981ರಷ್ಟು ಹಿಂದೆಯೇ ಬರೆದಿದ್ದರು. ‘ಬರೀ ಒಂದೇ ತರಹದ ಪುಸ್ತಕ ಓದ್ತಾನೆ’ ಅಂತ ಚಿಂತೆ ಮಾಡುವ ಅಪ್ಪ ಅಮ್ಮಂದಿರು ಸ್ವಲ್ಪ ಸಮಾಧಾನ ಮಾಡಿಕೊಳ್ಳಬಹುದು.

ಹಲ್ಲು ಕಡಿದ, ಹಲ್ಲು ಕಿರಿದ

ಹದಿಹರೆಯದ ಕಾದಂಬರಿಗಳ ಬಗ್ಗೆ ನನಗೆ ತುಂಬಾ ಇಷ್ಟವಾಗುವ ವಿಷಯ ಇನ್ನೊಂದಿದೆ. ಬಹಳಷ್ಟು ಪುಸ್ತಕಗಳು ‘ನಾನು’ ಅಂತಲೇ ಶುರುವಾಗುತ್ತವೆ. ಪಾತ್ರಗಳ ವಯಸ್ಸು ಹದಿಮೂರರಿಂದ ಹದಿನೆಂಟು. ಆ ವಯಸ್ಸಿನಲ್ಲಿ ಎಲ್ಲವೂ ಮುಖದಲ್ಲಿ ನಡೆಯುತ್ತದೆ. ಹೇಳಿದ್ದಕ್ಕಿಂತ ಹೇಳದೆ ಬಿಟ್ಟಿದ್ದು ಜಾಸ್ತಿ. ಆದ್ದರಿಂದ ಲೇಖಕರಿಗೆ ಮುಖ, ಕಣ್ಣು, ದನಿ, ಮೌನ ಇವನ್ನು ಹೇಳುವ ಪದಗಳು ಒಂದೊಂದು ಪುಟಕ್ಕೂ ಬೇಕು.

ಇಂಗ್ಲಿಷಿನಲ್ಲಿ ಓದುವವರಿಗೆ ಇದು ಗೊತ್ತಿರುತ್ತದೆ. ಶ್ರಗ್, ಫ್ರೌನ್, ಮಂಬಲ್, ಗ್ಲೇರ್, ವಿನ್ಸ್, ಸ್ಮರ್ಕ್. ಒಂದು ಪುಸ್ತಕದಲ್ಲಿ ಭುಜ ಎಷ್ಟು ಸಲ ಕುಣಿಯುತ್ತದೋ ಲೆಕ್ಕವಿಲ್ಲ. ವಿಮರ್ಶಕರಿಗೆ ಅದು ಬೇಸರ. ಪದ ಕಲಿಯುವವರಿಗೆ ಹಬ್ಬ.

ಕನ್ನಡದಲ್ಲಿ ಇದು ಇನ್ನೂ ಸ್ವಾರಸ್ಯ. ಹಲ್ಲನ್ನೇ ತೆಗೆದುಕೊಳ್ಳಿ. ‘ಹಲ್ಲು ಕಡಿದ’ ಅಂದರೆ ಉಕ್ಕಿ ಬಂದ ಸಿಟ್ಟನ್ನು ತಡೆದುಕೊಂಡ. ‘ಹಲ್ಲು ಮಸೆದ’ ಅಂದರೆ ಸಿಟ್ಟನ್ನು ಒಳಗೆ ಇಟ್ಟುಕೊಂಡು ಹೊತ್ತಿಗಾಗಿ ಕಾಯುತ್ತಿದ್ದಾನೆ. ‘ಹಲ್ಲು ಕಿರಿದ’ ಅಂದರೆ ಪೆಚ್ಚಾಗಿಯೋ ಪುಸಲಾಯಿಸಲೋ ನಕ್ಕ. ‘ಹಲ್ಲು ಗಿಂಜಿದ’ ಅಂದರೆ ಮಾನ ಬಿಟ್ಟು ಬೇಡಿಕೊಂಡ. ಹಲ್ಲು ಒಂದೇ, ಮನುಷ್ಯ ನಾಲ್ಕು.

ಕಣ್ಣು ಕೆಕ್ಕರಿಸಬಹುದು, ಮುಖ ಕೆಕ್ಕರಿಸಲಾಗದು. ಮುಖ ಸಿಂಡರಿಸಬಹುದು, ಹುಬ್ಬು ಸಿಂಡರಿಸಲಾಗದು. ಹುಬ್ಬನ್ನು ಗಂಟಿಕ್ಕಬೇಕು. ಯಾವ ಪದದ ಪಕ್ಕ ಯಾವ ಪದ ಕೂರುತ್ತದೆ ಅನ್ನುವುದು ಪದದ ಅರ್ಥದಷ್ಟೇ ಮುಖ್ಯ. ನಿಘಂಟು ‘ಕೆಕ್ಕರಿಸು: ಸಿಟ್ಟಿನಿಂದ ನೋಡು’ ಅಂತ ಹೇಳಿ ಕೈ ತೊಳೆದುಕೊಂಡರೆ, ಅದರ ಜೊತೆಗಾರ ಯಾರು ಅನ್ನುವುದು ಗೊತ್ತಾಗುವುದಿಲ್ಲ. ನನ್ನ ‘ಅನಾಮತ್ತಾಗಿ’ ಎಡವಿದ್ದೂ ಇಲ್ಲೇ. ಎತ್ತುವುದರ ಜೊತೆ ಕೂರಬೇಕಾದದ್ದನ್ನು ಲೆಕ್ಕ ಬಿಡಿಸುವುದರ ಜೊತೆ ಕೂರಿಸಿದ್ದೆ. ಇನ್ನೂ ನಾಲ್ಕು ಪುಸ್ತಕ ಓದಿದ್ದರೆ ತಾನಾಗಿ ಸರಿಹೋಗುತ್ತಿತ್ತು.

ಹೆದರಿಕೆಯ ಪದಗಳೂ ಹಾಗೇ. ಅಳುಕು, ಅಂಜಿಕೆ, ದಿಗಿಲು, ಗಾಬರಿ. ಪರೀಕ್ಷೆಯಲ್ಲಿ ‘ಭಯ’ ಅಂತ ಬರೆದರೆ ನಾಲ್ಕಕ್ಕೂ ಅಂಕ ಸಿಗುತ್ತದೆ. ಆದರೆ ಹೊಸ ಶಾಲೆಯ ಬಾಗಿಲಲ್ಲಿ ನಿಂತವಳಿಗೆ ಆಗುವುದು ಅಳುಕು. ಮಧ್ಯರಾತ್ರಿ ಫೋನ್ ಹೊಡೆದುಕೊಂಡಾಗ ಆಗುವುದು ದಿಗಿಲು. ಸನ್ನಿವೇಶ ಇಲ್ಲದೆ ಈ ಗೆರೆ ಎಳೆಯಲು ಬರುವುದಿಲ್ಲ. ಕಥೆ ಕೊಡುವುದು ಸನ್ನಿವೇಶವನ್ನೇ.

ಶಿಕ್ಷಣತಜ್ಞೆ ಇಸಬೆಲ್ ಬೆಕ್ ಮತ್ತು ಸಂಗಡಿಗರು ಪದಗಳನ್ನು ಮೂರು ಮೆಟ್ಟಿಲಾಗಿ ನೋಡುತ್ತಾರೆ. ಮೊದಲನೆಯದು ಎಲ್ಲರಿಗೂ ಮಾತಿನಲ್ಲೇ ಸಿಗುವ ನೀರು, ಓಡು, ಮನೆ. ಮೂರನೆಯದು ಒಂದೊಂದು ವಿಷಯಕ್ಕೇ ಸೇರಿದ ಪದಗಳು, ದ್ಯುತಿಸಂಶ್ಲೇಷಣೆಯಂಥವು. ಅವನ್ನು ಪಾಠದಲ್ಲೇ ಕಲಿಯಬೇಕು. ನಡುವಿನ ಮೆಟ್ಟಿಲಿನಲ್ಲಿ ಹಿಂಜರಿಕೆ, ಮುಜುಗರ, ತಾತ್ಸಾರ, ಸಂದಿಗ್ಧ ಇಂಥವು ಇವೆ. ಯಾವ ವಿಷಯಕ್ಕೂ ಸೇರದವು, ಎಲ್ಲ ಕಡೆಯೂ ಬೇಕಾದವು, ಯಾರೂ ಕೂರಿಸಿ ಕಲಿಸದವು. ಕಾದಂಬರಿ ಕೈ ಹಿಡಿಯುವುದು ಈ ಮೆಟ್ಟಿಲಿನಲ್ಲಿ.

ಪುಸ್ತಕ ಎಷ್ಟು ಕಷ್ಟ ಇರಬೇಕು

ಈ ಸಾಲು ಓದಿ. ‘ಬಾಗಿಲು ತಳ್ಳಿದಾಗ ಒಳಗೆಲ್ಲ ಗಿಬುಳ. ಮೇಜಿನ ಮೇಲೆ ಯಾರೋ ತೊರಕೆ ಇಟ್ಟು ಹೋಗಿದ್ದರು.’

ಹತ್ತು ಪದ. ಅದರಲ್ಲಿ ಎರಡು ನಾನು ಹುಟ್ಟಿಸಿದ್ದು. ಅಂದರೆ 80 ಶೇಕಡಾ ನಿಮಗೆ ಗೊತ್ತು. ಕೇಳಲು ಒಳ್ಳೆಯ ಅಂಕ. ಆದರೆ ಒಳಗೆ ಹೊಗೆಯೋ ಕತ್ತಲೋ ನಾತವೋ? ಮೇಜಿನ ಮೇಲೆ ಹೂವೋ ಹೆಣವೋ? ಏನೂ ಗೊತ್ತಿಲ್ಲ. ಪುಟವಿಡೀ ಹೀಗೇ ಇದ್ದರೆ ಊಹಿಸಲು ಏನನ್ನು ಆಧಾರ ಮಾಡಿಕೊಳ್ಳುವುದು?

ಹೂ ಮತ್ತು ನೇಷನ್ 2000ದಲ್ಲಿ ಇದನ್ನೇ ಮಾಡಿದರು. ಒಂದು ಕಥೆಯೊಳಗೆ ಸುಳ್ಳುಪದಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ತುರುಕಿ, ಇಂಗ್ಲಿಷ್ ಕಲಿಯುತ್ತಿರುವವರಿಗೆ ಓದಲು ಕೊಟ್ಟರು. 80 ಶೇಕಡಾ ಪದ ಗೊತ್ತಿದ್ದಾಗ ಯಾರೊಬ್ಬರಿಗೂ ಕಥೆ ಸಾಕಷ್ಟು ಅರ್ಥವಾಗಲಿಲ್ಲ. 90, 95ರಲ್ಲಿ ಕೆಲವರಿಗಷ್ಟೇ ಆಯಿತು. ಯಾರ ನೆರವೂ ಇಲ್ಲದೆ ಆರಾಮಾಗಿ ಓದಬೇಕಾದರೆ ಸುಮಾರು 98 ಶೇಕಡಾ ಗೊತ್ತಿರಬೇಕು ಅನ್ನುವುದು ಅವರ ಲೆಕ್ಕಾಚಾರ. ಇಂಗ್ಲಿಷಿನ ದೊಡ್ಡವರ ಕಾದಂಬರಿಗಳಲ್ಲಿ ಆ 98 ಮುಟ್ಟಲು ಎಂಟೊಂಬತ್ತು ಸಾವಿರ ಪದ-ಕುಟುಂಬಗಳು ಬೇಕು ಅಂತ ನೇಷನ್ 2006ರಲ್ಲಿ ಎಣಿಸಿದರು. ಕುಟುಂಬ ಅಂದರೆ ಕೆಡು, ಕೆಡಿಸು, ಕೇಡು, ಕೆಡುಕು, ಕೇಡಿಗ ಎಲ್ಲ ಸೇರಿ ಒಂದು.

98 ಅಂದರೆ 250 ಪದದ ಪುಟಕ್ಕೆ ಐದು ಗೊತ್ತಿಲ್ಲದ ಪದ. ಮಕ್ಕಳಿಗೆ ಪುಸ್ತಕ ಆರಿಸುವಾಗ ಹೇಳುವ ಐದು ಬೆರಳಿನ ಉಪಾಯ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಒಂದು ಪುಟ ಓದಿ, ಗೊತ್ತಿಲ್ಲದ ಪದಕ್ಕೊಂದು ಬೆರಳು ಮಡಚಿ. ಪುಟ ಮುಗಿಯುವ ಮೊದಲೇ ಐದೂ ಮಡಚಿದರೆ ಪುಸ್ತಕ ಕೆಳಗಿಡಿ. ಕನ್ನಡದಲ್ಲಿ ನಾನು ಮೂರೇ ಬೆರಳು ಲೆಕ್ಕ ಹಾಕುತ್ತೇನೆ. ನಮ್ಮಲ್ಲಿ ‘ಹೋಗಬೇಕಾಗಿತ್ತೇನೋ’ ಅನ್ನುವುದು ಒಂದೇ ಪದ. ಇಂಗ್ಲಿಷಿನಲ್ಲಿ ಅದಕ್ಕೆ ನಾಲ್ಕೈದು ಬೇಕು. ಹಾಗಾಗಿ ಕನ್ನಡ ಪುಟದಲ್ಲಿ ಪದಗಳ ಸಂಖ್ಯೆಯೇ ಕಡಿಮೆ.

ದೊಡ್ಡವರ ಘನ ಕಾದಂಬರಿ ತೆಗೆದುಕೊಂಡು ಇಪ್ಪತ್ತನೇ ಪುಟದಲ್ಲಿ ಕೈಬಿಟ್ಟವರಿಗೆ ಹದಿಹರೆಯದ ಪುಸ್ತಕ ಯಾಕೆ ಸರಿಹೊಂದುತ್ತದೆ ಅನ್ನುವುದಕ್ಕೆ ಕಾರಣ ಇದೇ. ವಾಕ್ಯ ಚಿಕ್ಕದು, ಮಾತುಕತೆ ಜಾಸ್ತಿ, ಗೊತ್ತಿರುವುದರ ನಡುವೆ ಗೊತ್ತಿಲ್ಲದ್ದು ಅಲ್ಲೊಂದು ಇಲ್ಲೊಂದು. ಜೊತೆಗೆ ಅಧ್ಯಾಯದ ಕೊನೆಯಲ್ಲಿ ಏನೋ ಒಂದು ಕೊಕ್ಕೆ ಹಾಕಿ ನಿಲ್ಲಿಸಿರುತ್ತಾರೆ, ಪುಸ್ತಕ ಮುಚ್ಚಲು ಮನಸ್ಸೇ ಬರುವುದಿಲ್ಲ. ಪದ ಸಾಕಷ್ಟು ಸಲ ಎದುರಾಗಬೇಕಾದರೆ ಪುಟ ತಿರುಗಬೇಕು ತಾನೇ? ಬೇಸರದಿಂದ ಓದುವ ಒಳ್ಳೆಯ ಪುಸ್ತಕಕ್ಕಿಂತ ಆಸೆಯಿಂದ ಓದುವ ಸಾಧಾರಣ ಪುಸ್ತಕ ಮೇಲು ಅಂತ ನಾನು ನಂಬಿದ್ದೇನೆ.

ಇದರ ಇನ್ನೊಂದು ಮುಖ ಸ್ವಲ್ಪ ಕಹಿ. ಪದ ಗೊತ್ತಿದ್ದವರಿಗೆ ಓದು ಸಲೀಸು, ಅವರು ಹೆಚ್ಚು ಓದುತ್ತಾರೆ, ಇನ್ನಷ್ಟು ಪದ ಸಿಗುತ್ತದೆ. ಗೊತ್ತಿಲ್ಲದವರಿಗೆ ಓದು ಹಿಂಸೆ, ಅವರು ದೂರ ಸರಿಯುತ್ತಾರೆ, ಅಂತರ ಬೆಳೆಯುತ್ತದೆ. ಮನಶ್ಶಾಸ್ತ್ರಜ್ಞ ಕೀತ್ ಸ್ಟಾನೊವಿಚ್ 1986ರಲ್ಲಿ ಇದನ್ನು ‘ಮ್ಯಾಥ್ಯೂ ಪರಿಣಾಮ’ ಅಂತ ಕರೆದರು. ಉಳ್ಳವನಿಗೆ ಇನ್ನೂ ಸಿಗುತ್ತದೆ ಅನ್ನುವ ಬೈಬಲ್ ಮಾತಿನಿಂದ ಬಂದ ಹೆಸರು. ಹಿಂದೆ ಬಿದ್ದವರಿಗೆ ಇನ್ನೂ ಕಷ್ಟದ ಪುಸ್ತಕ ಕೊಟ್ಟು ‘ಮುಂದೆ ಬಾ’ ಅನ್ನುವುದು ನಾವು ಮಾಡುವ ದೊಡ್ಡ ತಪ್ಪು. ಕೊಡಬೇಕಾದ್ದು ಎರಡು ಮೆಟ್ಟಿಲು ಕೆಳಗಿನದು.

ಕಥೆ ದಾರಿ ತಪ್ಪಿಸುವುದೂ ಉಂಟು

‘ಫಲಿತಾಂಶ ಬಂತು. ಅವಳೇ ಮೊದಲು. ಎಲ್ಲರೂ ಸುತ್ತುವರಿದು ಕೈಕುಲುಕಿದರು. ಅವಳ ಮುಖದಲ್ಲಿ ಕಸಿವಿಸಿ.’

‘ಕಸಿವಿಸಿ’ ಗೊತ್ತಿಲ್ಲದವರು ಇಲ್ಲಿ ಅದನ್ನು ಸಂಭ್ರಮ ಅಂತಲೇ ಓದುತ್ತಾರೆ. ಯಾಕೆ ಓದಬಾರದು? ಮೊದಲ ಸ್ಥಾನ ಬಂದವಳ ಮುಖದಲ್ಲಿ ಇನ್ನೇನು ಇರುತ್ತದೆ? ಗೆಳತಿ ಫೇಲಾಗಿದ್ದಾಳೆ ಅನ್ನುವುದು ಮುಂದಿನ ಪುಟದಲ್ಲಿ ತಿಳಿಯುತ್ತದೆ. ಅಷ್ಟರಲ್ಲಿ ಪದ ದಾಟಿಹೋಗಿರುತ್ತದೆ.

ಬೆಕ್ ಮತ್ತು ಸಂಗಡಿಗರು 1983ರಲ್ಲಿ ಇದನ್ನೇ ಹೇಳಿದ್ದರು. ಎಲ್ಲ ಸಂದರ್ಭವೂ ಅರ್ಥ ಬಿಟ್ಟುಕೊಡುವುದಿಲ್ಲ. ಕೆಲವು ನೇರವಾಗಿ ತೋರಿಸುತ್ತವೆ, ಕೆಲವು ಅರ್ಧ ಸುಳಿವು ಕೊಡುತ್ತವೆ, ಕೆಲವು ಸುಮ್ಮನಿರುತ್ತವೆ, ಕೆಲವು ಉಲ್ಟಾ ದಾರಿಗೆ ಕಳಿಸುತ್ತವೆ. ಕಥೆಗಾರನ ಕೆಲಸ ಪದ ಕಲಿಸುವುದಲ್ಲವಲ್ಲ. ಅದಕ್ಕೇ ಒಂದೇ ಭೇಟಿಯ ಊಹೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಬಾರದು. ಪ್ರಬಂಧದಲ್ಲಿ ಬಳಸಲಂತೂ ಹೋಗಬಾರದು.

ಹಾಗಾದರೆ ನಿಘಂಟು ಯಾವಾಗ ತೆಗೆಯಬೇಕು? ನನ್ನ ಪದ್ಧತಿ ಹೇಳುತ್ತೇನೆ. ಓದುವಾಗ ಕೈಯಲ್ಲಿ ಒಂದು ಪೆನ್ಸಿಲ್. ಗೊತ್ತಿಲ್ಲದ ಪದದ ಕೆಳಗೆ ಒಂದು ಚುಕ್ಕೆ, ಅಷ್ಟೇ. ನಿಲ್ಲುವುದಿಲ್ಲ. ಆ ಪದ ಗೊತ್ತಾಗದೆ ಕಥೆಯೇ ಮುಂದೆ ಹೋಗದಿದ್ದರೆ ಆಗ ಮಾತ್ರ ನಿಂತು ನೋಡುತ್ತೇನೆ. ಉಳಿದಿದ್ದು ಅಧ್ಯಾಯ ಮುಗಿದ ಮೇಲೆ. ಎಲ್ಲ ಚುಕ್ಕೆಗಳನ್ನೂ ಅಲ್ಲ, ಎರಡು ಮೂರು ಸಲ ಕಣ್ಣಿಗೆ ಬಿದ್ದದ್ದನ್ನು. ಅದಕ್ಕೂ ಮೊದಲು ‘ಇದು ಇಂಥದ್ದಿರಬೇಕು’ ಅಂತ ನನ್ನ ಊಹೆಯನ್ನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತೇನೆ. ಊಹೆ ಸರಿಯಾದರೆ ಖುಷಿ, ತಪ್ಪಾದರೆ ಪೆಟ್ಟು. ಎರಡೂ ನೆನಪಿನಲ್ಲಿ ಉಳಿಯುತ್ತವೆ.

ಮೊಬೈಲಿನಲ್ಲಿ ಓದುವವರಿಗೆ ಪದ ಒತ್ತಿ ಹಿಡಿದರೆ ಅರ್ಥ ಬರುವ ಸೌಲಭ್ಯವಿದೆ. ಒಳ್ಳೆಯದೇ. ಆದರೆ ಊಹಿಸುವ ಮೊದಲೇ ಬೆರಳು ಹೋಗುತ್ತದೆ, ಅರ್ಥ ಬಂದಷ್ಟೇ ಬೇಗ ಮರೆತೂ ಹೋಗುತ್ತದೆ. ಇನ್ನು ಕನ್ನಡದಲ್ಲಿ ಹುಡುಕುವಾಗ ಒಂದು ತೊಡಕು ಇದೆ. ಪುಸ್ತಕದಲ್ಲಿ ಇರುವ ರೂಪ ನಿಘಂಟಿನಲ್ಲಿ ಇರುವುದಿಲ್ಲ. ‘ಸಿಂಡರಿಸಿಕೊಂಡಳು’ ಅಂತ ಹುಡುಕಿದರೆ ಸಿಗದು, ‘ಸಿಂಡರಿಸು’ ನೋಡಬೇಕು. ಇದು ಸುಲಭ. ‘ನೊಂದ’ ಸಿಗಬೇಕಾದರೆ ‘ನೋಯು’, ‘ಮಿಂದ’ ಸಿಗಬೇಕಾದರೆ ‘ಮೀಯು’, ‘ಕಿತ್ತ’ ಸಿಗಬೇಕಾದರೆ ‘ಕೀಳು’ ಅಂತ ಗೊತ್ತಿರಬೇಕು. ಮಕ್ಕಳು ‘ಈ ಪದ ನಿಘಂಟಿನಲ್ಲೇ ಇಲ್ಲ’ ಅಂದರೆ ನೂರಕ್ಕೆ ತೊಂಬತ್ತು ಸಲ ಕಾರಣ ಇದೇ ಇರುತ್ತದೆ ಅಂತ ನನ್ನ ಅಂದಾಜು.

ಪದ ಬರೆದಿಡುವುದಾದರೆ ಅರ್ಥ ಬರೆಯಬೇಡಿ, ಅದು ಬಂದ ವಾಕ್ಯ ಬರೆಯಿರಿ. ಪದದ ಜಾಗವನ್ನು ಖಾಲಿ ಬಿಡಿ. ವಾರ ಬಿಟ್ಟು ನೋಡಿ, ತುಂಬಲು ಬರುತ್ತದೆಯೇ ಅಂತ. ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ತೋರಿಸಿದ್ದು ಇದನ್ನೇ. ಓದಿದ್ದನ್ನೇ ಮತ್ತೆ ಓದಿದವರಿಗಿಂತ, ಪುಸ್ತಕ ಮುಚ್ಚಿ ನೆನಪಿನಿಂದ ಎಳೆದು ತೆಗೆದವರಿಗೆ ವಾರದ ಮೇಲೆ ಹೆಚ್ಚು ನೆನಪಿತ್ತು. ಅವರು ಪ್ರಯೋಗ ಮಾಡಿದ್ದು ಗದ್ಯಭಾಗಗಳ ಮೇಲೆ. ಪದಕ್ಕೂ ಅದೇ ಉಪಾಯ ನಡೆಯುತ್ತದೆ.

ಇಂಗ್ಲಿಷ್ ಓದುವವರಿಗೆ ಇನ್ನೊಂದು ತಾಪತ್ರಯ, ಉಚ್ಚಾರಣೆ. ‘ಕರ್ನಲ್’ ಅನ್ನುವುದನ್ನು ನಾನು ಎಷ್ಟೋ ವರ್ಷ ‘ಕೊಲೊನೆಲ್’ ಅಂತಲೇ ಓದಿಕೊಂಡಿದ್ದೆ. ಅದು ಬೇರೆ, ಇದು ಬೇರೆ ಅಂತ ತಿಳಿದಿದ್ದೆ. ಆಡಿಯೋ ಪುಸ್ತಕ ಕೇಳುತ್ತಾ ಪುಟ ನೋಡಿದರೆ ಈ ಗೊಂದಲ ಕಡಿಮೆಯಾಗುತ್ತದೆ.

ಎಲ್ಲಿಯವರೆಗೆ ಇದು ಸಾಕು? ಪೆನ್ಸಿಲ್ ಚುಕ್ಕೆಯೇ ಹೇಳುತ್ತದೆ. ಮೊದಲ ಪುಸ್ತಕದಲ್ಲಿ ಪುಟಕ್ಕೆ ನಾಲ್ಕೈದು ಚುಕ್ಕೆ ಇರುತ್ತದೆ. ಹತ್ತನೆಯದರಲ್ಲಿ ಅಧ್ಯಾಯಕ್ಕೆ ನಾಲ್ಕೈದು. ಆಮೇಲೊಂದು ದಿನ ಇಡೀ ಪುಸ್ತಕಕ್ಕೆ ಆರೇಳು ಚುಕ್ಕೆ, ಅದರಲ್ಲೂ ಎರಡು ಊರಿನ ಹೆಸರು. ಹೀಗಾದರೆ ಆ ಕಪಾಟಿನಿಂದ ಸಿಗಬೇಕಾದ ಪದಗಳೆಲ್ಲ ಹೆಚ್ಚುಕಡಿಮೆ ಸಿಕ್ಕಿವೆ ಅಂತ ಅರ್ಥ. ಕಥೆಯ ಖುಷಿಗೆ ಓದುತ್ತಲೇ ಇರಬಹುದು, ನಾನು ಈಗಲೂ ಓದುತ್ತೇನೆ. ಪದಕ್ಕಾಗಿಯೇ ಆದರೆ ಪಕ್ಕದ ಕಪಾಟಿಗೆ ಹೋಗಬೇಕು. ಪ್ರವಾಸ ಕಥನ, ಆತ್ಮಕಥೆ, ಪತ್ರಿಕೆಗಳ ದೀರ್ಘ ಲೇಖನ, ಯಾವುದಾದರೂ ಸರಿ. ಮೊದಲ ಪುಟ ತೆಗೆದು ಮತ್ತೆ ಬೆರಳು ಮಡಚುವುದು.